ಹಾಲ್ ಅಂದ್ರ ಉಪ್ಪು

ಯುರೋಪ ನೋಡಿ ಬಂದ್ಯಂತಲ್ಲ ನೀಲಗಂಗವ್ವಾ,
ಅಂತ ಕೇಳ್ತಾರ ಖಾನಾವಳಿಗೆ ಬಂದವರು.
ನೋಡಿ ಅಲ್ರಿ, ಬೇಯಿಸಿ ಬಂದ್ನಿ.
ನಲವತ್ತೊಂದು ಮಂದಿಗೆ,
ಹದಿನಾಕು ದಿನ, ಎರಡು ಹೊತ್ತು.

ಟೂರಿನ ಶ್ರೇಣಿಕ ಸಾವಕಾರಗ ಗೊತ್ತಿತ್ತು:
ಹುಬ್ಬಳ್ಳಿ ಮಂದಿ ಅರಮನಿ ನೋಡದ ಇದ್ದಾರು,
ಶೇಂಗಾ ಚಟ್ನಿ ಇಲ್ಲಂದ್ರ ಬಸ್ಸಿಳಿಯೂದಿಲ್ಲ.
ನನಗೂ ಒಂದು ಪಾಸ್‌ಪೋರ್ಟು ಆತು.
ಫೋಟೋಕ್ಕ ನಗಬ್ಯಾಡಂದ್ರು, ನಗಲಿಲ್ಲ.
ಕಡಕ್ ರೊಟ್ಟಿ ಎಂಟುನೂರು, ಗುರೆಳ್ಳು, ಅಗಸಿ.
ಇಮಾನದಾಗ ತೂಕ ಹೆಚ್ಚಾತಂತ
ಎರಡು ಸ್ವೆಟರ್ ತಗದು ಮೈಮ್ಯಾಲೆ ಹಾಕ್ಕೊಂಡು
ಬೆವತಕೋತ ಹಾರಿದ್ನಿ.

ಊರುಗಳು?
ಹಿತ್ತಲ ಬಾಗಲದಿಂದ ಗೊತ್ತು.
ಒಂದೂರಾಗ ಹಳೇ ಗಡಿಯಾರದ ಗೋಪುರ,
ತಾಸಿಗೊಮ್ಮೆ ಗೊಂಬಿ ಹೊರಗ ಬಂದು ಕುಣೀತಾವಂತ.
ನಾ ಗಂಟಿ ಅಷ್ಟ ಕೇಳೇನಿ,
ಕುಕ್ಕರಿನ ಸೀಟಿ ಎಣಿಸ್ಕೋತ.
ಇನ್ನೊಂದೂರಾಗ ಬ್ಯಾಡಗಿ ಮೆಣಸಿನಕಾಯಿ ಹುರದ್ನಿ,
ಸೂರಿನಾಗಿನ ಡಬ್ಬಿ ಬಾಯಿ ಬಡ್ಕೊಂತು,
ಕೆಂಪು ಗಾಡಿ ಬಂತು,
ಟೊಪ್ಪಿಗಿ ಹಾಕ್ಕೊಂಡ ಆರು ಗಂಡಸರು
ಸೀನಿಕೋತ ಸೀನಿಕೋತ ಹೊಳ್ಳಿ ಹೋದ್ರು.
ದಂಡ ಎಷ್ಟಂತ ಶ್ರೇಣಿಕ ಇನ್ನೂ ಹೇಳಿಲ್ಲ.

ಕಡೀಕ ಒಂದೂರಾಗ ಮೂರು ತಾಸು ರಜಾ ಕೊಟ್ಟ.
ಗುಡ್ಡ ಕೆರಿಯಾಗ ಕಾಲಿಟ್ಟು ನಿಂತಿತ್ತು.
ಮನಿ ಒಂದರ ಹೆಗಲ ಮ್ಯಾಲೊಂದು,
ಸಂತ್ಯಾಗ ಬುಟ್ಟಿ ಒಟ್ಟಿದಂಗ.
ಎಂಟು ದಿನಕ್ಕೊಮ್ಮೆ ನಳ ಬರೂ ಓಣಿಯಾಕಿ ನಾ.
ಅಷ್ಟು ನೀರು ಸುಮ್ಮನ ಬಿದ್ದದ್ದು ನೋಡಿ
ಕೊಡ ಎಲ್ಲೈತಂತ ಕೈ ಹುಡುಕಿತು.
ಆಮ್ಯಾಲೆ ಅನಸ್ತು, ಹೇಳಿದ್ರ ನಗ್ತೀರಿ:
ಇದು ಬ್ಯಾಳಿ ಬೇಯೂ ನೀರೋ ಅಲ್ಲೋ?

ಹಾಲ್‌ಷ್ಟಾಟ್ ಅಂತ ಹೆಸರು.
ಹಾಲಂದ್ರ ಹಾಲಲ್ಲವಾ, ಅಂದ್ರು
ಹೊಂಬಾಳಿ ಮಾಸ್ತರು, ಚಾಳೀಸ ಏರಿಸಿ,
ಹಾಲಂದ್ರ ಉಪ್ಪು.
ಈ ಗುಡ್ಡದ ಹೊಟ್ಟ್ಯಾಗ ಉಪ್ಪೈತಿ,
ಸಾವಿರಾರು ವರ್ಷದಿಂದ ತೆಗ್ಯಾಕತ್ತಾರ.
ಅಡಗೀಯಾಕಿಗೆ ಇದಕಿಂತ ದೊಡ್ಡ ಕ್ವಾಟಿ ಬೇಕ?

ಎಲ್ಲಾರೂ ದೋಣಿಗೆ ಹೋದ್ರು.
ನಾ ಪಾವಟಿಗಿ ಹತ್ಕೋತ ದಾರಿ ತಪ್ಪಿ
ಚರ್ಚಿನ ಮಗ್ಗಲದ ಸಣ್ಣ ಖೋಲಿಗೆ ಬಂದ್ನಿ.
ಸಾಲಾಗಿ ತಲಿಬುರುಡಿ.
ಅಂಜಲಿಲ್ಲ.
ಹಣಿ ಮ್ಯಾಲೆ ಗುಲಾಬಿ ಬರದಿದ್ರು, ಹಸರ ಬಳ್ಳಿ,
ನಡುವ ಅವರವರ ಹೆಸರು.
ಟಿಕೀಟು ಕೊಡೂ ಮುದುಕಿ ಕೈ ಮಾಡಿ ತಿಳಿಸಿದ್ಲು:
ಇಕ್ಕಟ್ಟು ಊರು, ಹೂಳಾಕ ಜಾಗಾ ಇಲ್ಲ.
ಹತ್ತು ಹದಿನೈದು ವರ್ಷಕ್ಕ ಕುಣಿ ತಗದು
ಬಿಸಲಿಗೆ ಹರವಿ,
ನಾವು ಹಪ್ಪಳ ಹರವಿದಂಗ ಹರವಿ,
ಒಣಗಿದ ಮ್ಯಾಲೆ ಬಣ್ಣ.

ನಮ್ಮ ಚನವೀರಪ್ಪ ಮಂಟೂರ ರಸ್ತೆಯಾಗ ಕುಂತಾನ.
ಹೌದ್ರಿ, ಕುಂತಾನ,
ಕುಂದ್ರಿಸೇ ಮಣ್ಣು ಕೊಡೂ ಮಂದಿ ನಾವು.
ಹದಿಮೂರು ವರ್ಷಾತು. ಕಲ್ಲಿಲ್ಲ, ಹೆಸರಿಲ್ಲ,
ಅಕ್ಕಪಕ್ಕ ಯಾರು ಬಂದು ಕುಂತಾರೋ.
ಉಪ್ಪು ಕಡಿಮ್ಯಾದ್ರ ತಾಟು ತಳ್ಳತಿದ್ದ,
ಹೆಚ್ಚಾದ್ರೂ ತಳ್ಳತಿದ್ದ,
ಬರೋಬ್ಬರಿ ಆದ ದಿನ ಏನೂ ಅನ್ನತಿರಲಿಲ್ಲ.
ಅವನ ಹಣಿ ನನ್ನ ಕೈಗೆ ಕೊಟ್ಟಿದ್ರ
ಗುಲಾಬಿ ಬರೀತಿರಲಿಲ್ಲ.
ಕುಸಬಿ ಹೂವು ಬರೀತಿದ್ನಿ,
ಮುಳ್ಳ ಸಮೇತ.

ಮೂರು ತಾಸು ಮುಗೀತು. ಬಸ್ಸು ಒದರಾಕತ್ತಿತ್ತು.
ದಾರಿ ಮ್ಯಾಲಿನ ಅಂಗಡ್ಯಾಗ ಒಂದು ಚೀಲ ಉಪ್ಪು ತಗೊಂಡ್ನಿ,
ಅಂಗೈಯಷ್ಟು, ಬಾಯಿಗೆ ಕೆಂಪು ದಾರ.
ರೇಟು ಕೇಳಬ್ಯಾಡ್ರಿ.

ಅಲ್ಲೈತಿ ನೋಡ್ರಿ, ಮ್ಯಾಲಿನ ಫಳಿ ಮ್ಯಾಲೆ,
ಚಹಾಪುಡಿ ಡಬ್ಬಿ ಹಿಂದ.
ಇನ್ನೂ ಬಿಚ್ಚಿಲ್ಲ.
ಮುಂಜಾನೆ ಯಾರೋ ಸಾರಿಗೆ ಉಪ್ಪಿಲ್ಲಂದ್ರು,
ಕೈ ಅದರ ತನಕಾ ಹೋತು.
ಹೋಗಿ, ಹೊಳ್ಳಿ ಬಂದು,
ಗಡಿಗ್ಯಾಗಿನ ಉಪ್ಪ ಹಾಕಿದ್ನಿ.

ನಿಮಗ ಬರೋಬ್ಬರಿ ಐತ್ಯೋ ಇಲ್ಲೋ?
ಏನರ ಅನ್ರಿ.
ಇನ್ನೊಂದು ರೊಟ್ಟಿ ಹಾಕ್ತೇನಿ.